ನದಿಗೆ ಹರಿದ ಸರ್ಕಾರಿ ಗೊಬ್ಬರ

ಕಾವೇರಿಯಾಗಲಿ, ಕೃಷ್ಣೆಯಾಗಲಿ, ನಮ್ಮ ನದಿ ವಿವಾದಗಳಿಗೆ ಇರುವುದು ಒಂದೇ ಅಳತೆಗೋಲು. ಅದರ ಹೆಸರು ಟಿ.ಎಂ.ಸಿ. 1990ರಲ್ಲಿ ರಚಿತವಾದ ಕಾವೇರಿ ನ್ಯಾಯಮಂಡಳಿಯು 2007ರಲ್ಲಿ ಅಂತಿಮ ತೀರ್ಪು ನೀಡುವಾಗ ಇಡೀ ಕಣಿವೆಯ ನೀರನ್ನು 740 ಟಿ.ಎಂ.ಸಿ. ಎಂದು ಎಣಿಸಿ ನಾಲ್ಕು ಪಾಲುದಾರರಿಗೆ ಹಂಚಿತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ಹಂಚಿಕೆಯನ್ನು ತಿದ್ದಿ, ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಸಲ್ಲಬೇಕಾದ ನೀರು ವರ್ಷಕ್ಕೆ 177.25 ಟಿ.ಎಂ.ಸಿ. ಎಂದು ಗೊತ್ತುಪಡಿಸಿತು. ದಶಮಾಂಶದಾಚೆಗೆ ಎರಡು ಸ್ಥಾನದವರೆಗೆ ಹೋರಾಡಿ ಪಡೆದ ಈ ಹಂಚಿಕೆಯಲ್ಲಿ ಆ ನೀರಿನ ಗುಣ ಎಂಥದ್ದಿರಬೇಕು ಎಂಬುದಕ್ಕೆ ಮಾತ್ರ ಒಂದು ಅಂಕಿಯೂ ಇಲ್ಲ. ಪಟ್ಟಿಯ ಕೊನೆಯಲ್ಲಿ ಪರಿಸರಕ್ಕೆಂದು 10 ಟಿ.ಎಂ.ಸಿ., ಅನಿವಾರ್ಯವಾಗಿ ಸಮುದ್ರ ಸೇರುವುದಕ್ಕೆಂದು 4 ಟಿ.ಎಂ.ಸಿ. ಎಂದು ಬರೆದು ಕೈತೊಳೆದುಕೊಳ್ಳಲಾಯಿತು.

ಹೊರನಾಡ ಕನ್ನಡಿಗರಾದ ನಮಗೆ ಈ ಅಂಕಿಗಳು ಬರಿಯ ಅಂಕಿಗಳಲ್ಲ. 1991ರ ಡಿಸೆಂಬರಿನಲ್ಲಿಯೂ 2016ರ ಸೆಪ್ಟೆಂಬರಿನಲ್ಲಿಯೂ ಈ ಲೆಕ್ಕದ ಬಿಸಿಯನ್ನು ಗಡಿಯ ಎರಡೂ ಕಡೆಯ ವಲಸಿಗರು ಉಂಡಿದ್ದಾರೆ. ಅಂಗಡಿಯ ಹಲಗೆ ಮುಚ್ಚಿಟ್ಟವರು, ಬೀದಿಯಲ್ಲಿ ತಾಯ್ನುಡಿಯನ್ನು ನುಂಗಿಕೊಂಡವರು ಆಯೋಗದ ಸದಸ್ಯರಲ್ಲ, ಕೆಳಹರಿವಿನ ಊರಿನಲ್ಲಿ ಬಾಡಿಗೆಗಿದ್ದ ನಮ್ಮಂಥವರು. ಆದುದರಿಂದ ನದಿಯ ಲೆಕ್ಕವನ್ನು ಬೇರೆ ರೀತಿಯಲ್ಲಿ ಬರೆಯಬಹುದೇ ಎಂದು ಕೇಳುವ ಹಕ್ಕು ನಮಗೆ ಇತರರಿಗಿಂತ ತುಸು ಹೆಚ್ಚೇ ಇದೆ.

ಹಳ್ಳಿಗಳಲ್ಲಿ ರಾಸಾಯನಿಕ ಗೊಬ್ಬರಕ್ಕೆ ಬಹುಕಾಲದಿಂದ ಇರುವ ಹೆಸರು ಸರ್ಕಾರಿ ಗೊಬ್ಬರ. ತಿಪ್ಪೆಯ ಗೊಬ್ಬರ ಮನೆಯದು, ಇದು ಸರ್ಕಾರದ್ದು. ಆ ಹೆಸರನ್ನಿಟ್ಟ ರೈತ ಅರ್ಥಶಾಸ್ತ್ರ ಓದಿದವನಲ್ಲ. ಆದರೂ ಯೂರಿಯಾದ ಬೆಲೆ, ಪ್ರಮಾಣ, ಹಂಚಿಕೆ ಎಲ್ಲವೂ ಹೊಲದ ಅಗತ್ಯದಿಂದಲ್ಲ, ಸರ್ಕಾರದ ತೀರ್ಮಾನದಿಂದ ನಿರ್ಧಾರವಾಗುತ್ತವೆ ಎಂಬ ಸತ್ಯ ಆ ಹೆಸರಿನೊಳಗೇ ಇದೆ. ಹೊಲಕ್ಕೆ ಬಂದ ಈ ಗೊಬ್ಬರದಲ್ಲಿ ಪೈರು ಹೀರದೆ ಬಿಟ್ಟದ್ದು ಎಲ್ಲಿಗೆ ಹೋಗುತ್ತದೆ ಎಂಬುದೇ ಈ ಲೇಖನದ ವಿಚಾರ.

1909ರಲ್ಲಿ ಜರ್ಮನಿಯ ಫ್ರಿಟ್ಜ್ ಹೇಬರ್ ಗಾಳಿಯ ಸಾರಜನಕವನ್ನು ಅಮೋನಿಯಾ ರೂಪಕ್ಕೆ ತರುವ ಬಗೆಯನ್ನು ತೋರಿಸಿಕೊಟ್ಟನು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೇರಿಸಿ 1913ರಲ್ಲಿ ಉತ್ಪಾದನೆ ಆರಂಭಿಸಿದನು. ಮೈಸೂರು ಸಂಸ್ಥಾನವು ಸ್ವಾತಂತ್ರ್ಯಕ್ಕೆ ಮೊದಲೇ ಕನ್ನಂಬಾಡಿಯ ಪಕ್ಕದ ಬೆಳಗೊಳದಲ್ಲಿ ಗೊಬ್ಬರದ ಕಾರ್ಖಾನೆ ಕಟ್ಟಿದ್ದು ನಮ್ಮ ಹಿರಿಯರಿಗೆ ಹೆಮ್ಮೆಯ ವಿಷಯವಾಗಿತ್ತು; ಹೆಮ್ಮೆಗೆ ಕಾರಣವೂ ಇತ್ತು. ಕ್ಷಾಮವನ್ನು ಕಂಡ ನಾಡಿಗೆ ಗಾಳಿಯಿಂದ ಅನ್ನ ತೆಗೆಯುವ ವಿದ್ಯೆ ಚಿಕ್ಕದೇನಲ್ಲ. ಇಂದು ಭಾರತವು ವರ್ಷಕ್ಕೆ ಸುಮಾರು 350 ಲಕ್ಷ ಟನ್ ಯೂರಿಯಾ ಬಳಸುತ್ತಿದೆ. ನಿಂತ ನೀರಿನ ಗದ್ದೆಗೆ ಎರಚಿದ ಯೂರಿಯಾದ ಸಾರಜನಕದಲ್ಲಿ ಭತ್ತದ ಪೈರಿಗೆ ದಕ್ಕುವುದು ಅರ್ಧಕ್ಕಿಂತ ಕಡಿಮೆ. ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಸೇರುತ್ತದೆ, ಇನ್ನೊಂದು ಪಾಲು ನೈಟ್ರೇಟ್ ಆಗಿ ಬಾವಿಗೆ ಇಳಿಯುತ್ತದೆ, ಮತ್ತೊಂದು ಪಾಲು ಬದುವಿನ ತೂಬಿನಿಂದ ಕಾಲುವೆಗೆ, ಕಾಲುವೆಯಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಸಾಗುತ್ತದೆ. ರಂಜಕದ ದಾರಿ ಬೇರೆ. ಅದು ಮಣ್ಣಿನ ಕಣಕ್ಕೆ ಅಂಟಿಕೊಳ್ಳುವ ಜಾತಿಯದು, ಮಣ್ಣು ಕೊಚ್ಚಿಹೋದಾಗ ಜೊತೆಗೆ ಹೋಗುತ್ತದೆ.

ನೀರಿಗೆ ಬಿದ್ದ ಮೇಲೆಯೂ ಗೊಬ್ಬರ ಗೊಬ್ಬರವೇ. ಹೊಲದಲ್ಲಿ ಪೈರನ್ನು ಬೆಳೆಸುವಂತೆ ನೀರಿನಲ್ಲಿ ಪಾಚಿಯನ್ನು ಬೆಳೆಸುತ್ತದೆ. ಪಾಚಿ ಸತ್ತು ತಳಕ್ಕಿಳಿದಾಗ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಉಸಿರಾಡಿ ಮುಗಿಸುತ್ತವೆ. ಸಮುದ್ರದ ಬಾಯಿಯಲ್ಲಿ ನದಿಯ ಸಿಹಿನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ಮುಚ್ಚಳದಂತೆ ಹರಡುತ್ತದೆ. ಮೇಲಿನ ಗಾಳಿ ಕೆಳಕ್ಕೆ ಇಳಿಯುವುದಿಲ್ಲ. ಈಜಬಲ್ಲ ಮೀನು ಓಡಿಹೋಗುತ್ತದೆ. ಓಡಲಾರದ ಚಿಪ್ಪು, ಏಡಿ, ಹುಳಗಳು ಇದ್ದಲ್ಲೇ ಸಾಯುತ್ತವೆ.

ಅಮೆರಿಕದ ಮಿಸಿಸಿಪ್ಪಿ ನದಿಯ ಕಥೆ ಇದಕ್ಕೆ ಪಾಠಪುಸ್ತಕದ ಉದಾಹರಣೆ. ಆ ದೇಶದ ಮುಖ್ಯ ಭೂಭಾಗದ ಹತ್ತರಲ್ಲಿ ನಾಲ್ಕು ಪಾಲಿನ ನೀರು ಈ ಒಂದು ನದಿಗೆ ಬಸಿಯುತ್ತದೆ. ಅಯೋವಾ, ಇಲಿನಾಯ್ ಮೊದಲಾದ ರಾಜ್ಯಗಳ ಜೌಗು ಹುಲ್ಲುಗಾವಲುಗಳನ್ನು ನೆಲದಡಿಯ ಕೊಳವೆಗಳಿಂದ ಬಸಿದು ಮೆಕ್ಕೆಜೋಳ, ಸೋಯಾ ಎಂಬ ಎರಡೇ ಬೆಳೆಗಳ ನಾಡನ್ನಾಗಿ ಮಾಡಲಾಯಿತು. ಆ ಕೊಳವೆಗಳು ನೀರಿನೊಡನೆ ನೈಟ್ರೇಟನ್ನೂ ನೇರವಾಗಿ ಹೊಳೆಗೆ ಇಳಿಸಿದವು. ಪರಿಣಾಮವಾಗಿ ಮೆಕ್ಸಿಕೋ ಕೊಲ್ಲಿಯಲ್ಲಿ ಪ್ರತಿ ಬೇಸಗೆಯಲ್ಲೂ ಉಸಿರುಗಟ್ಟಿದ ನೀರಿನ ಪ್ರದೇಶವೊಂದು ಹರಡುತ್ತದೆ. ನ್ಯಾನ್ಸಿ ರಬಲೈಸ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1985ರಿಂದ ಅದನ್ನು ಅಳೆಯುತ್ತ ಬಂದರು. 2017ರಲ್ಲಿ ಅದು 22,000 ಚದರ ಕಿಲೋಮೀಟರಿಗೂ ಹೆಚ್ಚಾಗಿತ್ತು. 2015ರೊಳಗೆ ಅದನ್ನು 5,000 ಚದರ ಕಿಲೋಮೀಟರಿಗೆ ಇಳಿಸುವುದೆಂದು 2001ರಲ್ಲಿ ಸರ್ಕಾರಗಳು ಗುರಿಯಿಟ್ಟವು. 2015 ಬಂದಿತು, ಗುರಿ ಮುಟ್ಟಲಿಲ್ಲ, ಗಡುವನ್ನು 2035ಕ್ಕೆ ಮುಂದೂಡಲಾಯಿತು. ಗಡುವು ಮುಂದೂಡುವ ಕಲೆ ನಮ್ಮ ಕಚೇರಿಗಳ ಸ್ವತ್ತು ಮಾತ್ರವಲ್ಲ ಎಂದು ನಾವು ಸಮಾಧಾನಪಡಬಹುದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಹೆಚ್ಚಾಯಿತೆಂದು ಡಿ ಮಾಯ್ನ್ ನಗರದ ನೀರು ಸರಬರಾಜು ಸಂಸ್ಥೆ 2015ರಲ್ಲಿ ಮೇಲ್ಹರಿವಿನ ಮೂರು ಜಿಲ್ಲೆಗಳ ಮೇಲೆ ಮೊಕದ್ದಮೆ ಹೂಡಿತು. 2017ರಲ್ಲಿ ಅದು ವಜಾ ಆಯಿತು. ನಡುವೆ ಪೆಟ್ರೋಲಿಗೆ ಎಥೆನಾಲ್ ಬೆರೆಸಬೇಕೆಂಬ ಕಾನೂನು ಬಲಗೊಂಡು ಮೆಕ್ಕೆಜೋಳದ ಬೆಳೆ ಮತ್ತಷ್ಟು ವಿಸ್ತರಿಸಿತು. ಒಂದು ಇಲಾಖೆ ಸಮುದ್ರವನ್ನು ಉಳಿಸುವ ಯೋಜನೆ ಬರೆಯುತ್ತಿದ್ದಾಗ ಇನ್ನೊಂದು ಇಲಾಖೆ ಅದನ್ನು ಉಸಿರುಗಟ್ಟಿಸುವ ಬೆಳೆಗೆ ಬೆಂಬಲ ಕೊಡುತ್ತಿತ್ತು.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ಕಪ್ಪು ಸಮುದ್ರದ್ದು. 1970 ಮತ್ತು 80ರ ದಶಕಗಳಲ್ಲಿ ಡ್ಯಾನ್ಯೂಬ್ ಕಣಿವೆಯ ಸಮಾಜವಾದಿ ಸರ್ಕಾರಗಳು ಅಗ್ಗದ ಗೊಬ್ಬರವನ್ನು ಧಾರಾಳವಾಗಿ ಸುರಿದವು, ಬೃಹತ್ ಹಂದಿ ಸಾಕಣೆಯ ಕೇಂದ್ರಗಳನ್ನು ಕಟ್ಟಿದವು. ಸಮುದ್ರದ ವಾಯವ್ಯ ಭಾಗದಲ್ಲಿ ಸುಮಾರು 40,000 ಚದರ ಕಿಲೋಮೀಟರಿನಷ್ಟು ತಳ ಸತ್ತಿತು. 1989ರಿಂದ 1991ರ ನಡುವೆ ಆ ಆಡಳಿತಗಳು ಉರುಳಿದವು, ಸಹಾಯಧನ ನಿಂತಿತು, ರೈತರಿಗೆ ಗೊಬ್ಬರ ಕೊಳ್ಳುವ ಶಕ್ತಿ ಉಳಿಯಲಿಲ್ಲ. 1990ರ ದಶಕದ ಮಧ್ಯಭಾಗದ ಹೊತ್ತಿಗೆ ಆ ಸತ್ತ ಪ್ರದೇಶ ಬಹುಮಟ್ಟಿಗೆ ಕರಗಿಹೋಗಿತ್ತು. ಯಾರೂ ಯೋಜಿಸದೆ ನಡೆದ ಈ ಪ್ರಯೋಗದಿಂದ ತಿಳಿದುಬಂದ ಸಂಗತಿ ಎರಡು ಮುಖದ್ದು. ಬೇಸಾಯ ಬದಲಾದರೆ ಸಮುದ್ರ ಸ್ಪಂದಿಸುತ್ತದೆ, ಅದೂ ಕೆಲವೇ ವರ್ಷಗಳಲ್ಲಿ. ಆದರೆ ಆ ಬದಲಾವಣೆಯ ಬೆಲೆಯನ್ನು ತೆತ್ತವರು ಸಮುದ್ರವನ್ನೇ ನೋಡದ ಹಳ್ಳಿಗರು. ನಮ್ಮ ನೆರೆಯ ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಷೇಧಿಸಿ, ಭತ್ತದ ಇಳುವರಿ ಕುಸಿಯುತ್ತಿದ್ದಂತೆ ಆರೇಳು ತಿಂಗಳಲ್ಲಿ ನಿಷೇಧವನ್ನು ಹಿಂತೆಗೆದುಕೊಂಡಿತು. ಒಂದೇ ಏಟಿಗೆ ಗೊಬ್ಬರ ನಿಲ್ಲಿಸಿ ಎನ್ನುವ ನಗರವಾಸಿಗಳ ಉತ್ಸಾಹಕ್ಕೆ ಇದಕ್ಕಿಂತ ಉತ್ತರ ಬೇಕಿಲ್ಲ.

ಡೆನ್ಮಾರ್ಕಿನ ದಾರಿ ಹೆಚ್ಚು ನಿಧಾನದ್ದು, ಹೆಚ್ಚು ಅನುಕರಣೀಯವಾದುದು. 1986ರ ಶರತ್ಕಾಲದಲ್ಲಿ ಕಾಟೆಗಾಟ್ ಕೊಲ್ಲಿಯಿಂದ ಮೀನುಗಾರರು ಎತ್ತಿದ ಸತ್ತ ಕಡಲೇಡಿಗಳ ಚಿತ್ರ ಟೆಲಿವಿಷನ್ನಿನಲ್ಲಿ ಬಂದಾಗ ಆ ದೇಶ ಬೆಚ್ಚಿತು. ಸಾರಜನಕದ ಸೋರಿಕೆಯನ್ನು ಅರ್ಧಕ್ಕೆ ಇಳಿಸುವ ಯೋಜನೆಯನ್ನು ಮರುವರ್ಷವೇ ಸಂಸತ್ತು ಅಂಗೀಕರಿಸಿತು. ಸಗಣಿ-ಗಂಜಲವನ್ನು ತಿಂಗಳುಗಟ್ಟಲೆ ಹಿಡಿದಿಡುವ ತೊಟ್ಟಿ ಕಟ್ಟಬೇಕು, ಚಳಿಗಾಲದಲ್ಲಿ ಹೊಲ ಬರಿದಾಗಿರಬಾರದು, ಪ್ರತಿ ರೈತ ತನ್ನ ಹೊಲಕ್ಕೆ ಎಷ್ಟು ಸಾರಜನಕ ಬಂತೆಂದು ಲೆಕ್ಕ ಇಡಬೇಕು ಎಂಬ ನಿಯಮಗಳು ಒಂದರ ಹಿಂದೊಂದು ಬಂದವು. ಹೆಚ್ಚುಕಡಿಮೆ ಮೂರು ದಶಕಗಳಲ್ಲಿ ಸೋರಿಕೆ ಅರ್ಧದಷ್ಟಾಯಿತು; ಕೃಷಿ ಮುಳುಗಲಿಲ್ಲ. ಇಷ್ಟಾದರೂ ಅವರ ಕರಾವಳಿ ಪೂರ್ತಿ ಚೇತರಿಸಿಲ್ಲವೆಂದು 2024ರಲ್ಲಿ ದೇಶದ ನೆಲದ ಸುಮಾರು ಹತ್ತನೆಯ ಒಂದು ಪಾಲನ್ನು ಕಾಡಿಗೂ ನಿಸರ್ಗಕ್ಕೂ ಮರಳಿಸುವ ಒಪ್ಪಂದಕ್ಕೆ ಬಂದಿದ್ದಾರೆ.

ಇನ್ನು ನಮ್ಮ ನಾಡಿಗೆ ಬರೋಣ. ಹಳೆಯ ಮೈಸೂರಿನ ಬಯಲಿನಲ್ಲಿ ರಾಗಿಯ ಸಾಲಿನ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳ ಅಕ್ಕಡಿ ಹಾಕುವ ಪದ್ಧತಿಯಿತ್ತು. ಬೇಳೆಯ ಬೇರು ಗಾಳಿಯ ಸಾರಜನಕವನ್ನು ತಾನೇ ನೆಲಕ್ಕೆ ಇಳಿಸುತ್ತಿತ್ತು. ಕುರುಬರ ಕುರಿ ಮಂದೆಯನ್ನು ಹೊಲದಲ್ಲಿ ರಾತ್ರಿ ನಿಲ್ಲಿಸಿಕೊಳ್ಳಲು ರೈತ ಕಾಳು ಕೊಡುತ್ತಿದ್ದ. ಗದ್ದೆಗೆ ಹೊಂಗೆಯ ಸೊಪ್ಪು ತುಳಿಸುತ್ತಿದ್ದರು. ಇವೆಲ್ಲಕ್ಕಿಂತ ಮುಖ್ಯವಾದುದು ಕೆರೆ. ಒಂದರ ಕೋಡಿ ಇನ್ನೊಂದಕ್ಕೆ ಬೀಳುವಂತೆ ಸರಣಿಯಾಗಿ ಕಟ್ಟಿದ ನಮ್ಮ ಕೆರೆಗಳು ನೀರನ್ನಷ್ಟೇ ಹಿಡಿಯುತ್ತಿರಲಿಲ್ಲ, ಹೊಲದಿಂದ ಕೊಚ್ಚಿಬಂದ ಮಣ್ಣನ್ನೂ ಅದಕ್ಕೆ ಅಂಟಿದ ಸಾರವನ್ನೂ ಹಿಡಿಯುತ್ತಿದ್ದವು. ಬೇಸಗೆಯಲ್ಲಿ ಗಾಡಿ ಕಟ್ಟಿ ಆ ಗೋಡನ್ನು ಮತ್ತೆ ಹೊಲಕ್ಕೆ ಹೊಡೆಯುತ್ತಿದ್ದರು. ಓಡಿಹೋದ ಸಾರವನ್ನು ಹಿಡಿದು ತಂದು ಮನೆಗೆ ಸೇರಿಸುವ ಈ ವ್ಯವಸ್ಥೆಗೆ ಇಂದಿನ ತಜ್ಞರು ಉದ್ದುದ್ದ ಹೆಸರು ಕೊಡುತ್ತಾರೆ; ನಮ್ಮವರು ಹೂಳೆತ್ತುವುದು ಎನ್ನುತ್ತಿದ್ದರು. ಹಾಗೆಂದು ಆ ಕಾಲವನ್ನು ಸುವರ್ಣಯುಗವೆಂದು ಹೊಗಳುವ ಅಗತ್ಯವಿಲ್ಲ. ಇಳುವರಿ ಕಡಿಮೆಯಿತ್ತು, ಹಸಿವಿತ್ತು, ತಿಪ್ಪೆ ಹೊರುತ್ತಿದ್ದವರು ಯಾವ ಜಾತಿಯವರು, ಕೂಲಿ ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ.

ಕನ್ನಂಬಾಡಿಯ ನಾಲೆ ಬಂದ ಮೇಲೆ ಮಂಡ್ಯದ ರಾಗಿಯ ಹೊಲಗಳು ಭತ್ತ, ಕಬ್ಬಿನ ಗದ್ದೆಗಳಾದವು. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂದಿತು. ತುಂಗಭದ್ರೆಯ ಕಥೆ ಇನ್ನೂ ಬೋಧಪ್ರದ. 1953ರಲ್ಲಿ ನೀರು ಹರಿಸಲಾರಂಭಿಸಿದ ಆ ಯೋಜನೆಯನ್ನು ರೂಪಿಸಿದ್ದು ಮುಖ್ಯವಾಗಿ ಜೋಳ, ಹತ್ತಿಯಂಥ ಅರೆನೀರಾವರಿ ಬೆಳೆಗಳಿಗೆ. ಕಡಿಮೆ ನೀರನ್ನು ಹೆಚ್ಚು ನೆಲಕ್ಕೆ ಹಂಚುವುದು ಅದರ ಉದ್ದೇಶ. ಕರಾವಳಿ ಆಂಧ್ರದಿಂದ ಬಂದು ಗಂಗಾವತಿ, ಸಿಂಧನೂರುಗಳಲ್ಲಿ ಕ್ಯಾಂಪು ಕಟ್ಟಿಕೊಂಡು ನೆಲೆಸಿದ ಶ್ರಮಜೀವಿ ರೈತರು ಭತ್ತವನ್ನು ತಂದರು, ಸ್ಥಳೀಯರು ಅನುಸರಿಸಿದರು. ಪರನಾಡಿನಲ್ಲಿ ಬದುಕು ಕಟ್ಟಿಕೊಂಡ ನಾವು ಅವರನ್ನು ದೂರುವುದು ಶೋಭೆಯಲ್ಲ. ಮುಂಬಯಿ, ಹೈದರಾಬಾದುಗಳಲ್ಲಿ ಕುಳಿತು ಸೋನಾ ಮಸೂರಿಯ ಅನ್ನ ಉಣ್ಣುವವರೂ ನಾವೇ. ಆದರೆ ಫಲವೇನಾಯಿತು? ಮೇಲ್ಭಾಗದಲ್ಲಿ ವರ್ಷಕ್ಕೆ ಎರಡು ಭತ್ತದ ಬೆಳೆ, ಕಾಲುವೆಯ ಕೊನೆಯಲ್ಲಿ ನೀರಿಲ್ಲ, ನಡುವೆ ಸವುಳು ಹಿಡಿದ ನೆಲ. ಸವುಳನ್ನು ತೊಳೆಯಲು ನೆಲದಡಿಯಲ್ಲಿ ಬಸಿ ಕೊಳವೆ ಹಾಕುವುದು ಪರಿಹಾರವೆಂದು ಹೇಳಲಾಗುತ್ತಿದೆ. ನೆಲಕ್ಕೆ ಅದು ಪರಿಹಾರವೇ ಹೌದು. ಆದರೆ ಅಯೋವಾದ ಕೊಳವೆ ಉಪ್ಪನ್ನೂ ನೈಟ್ರೇಟನ್ನೂ ಬೇರೆಬೇರೆ ಮಾಡುವುದಿಲ್ಲ, ಸಿಂಧನೂರಿನದೂ ಮಾಡಲಾರದು. ಬಸಿದ ನೀರು ಹಳ್ಳಕ್ಕೆ ಬೀಳುವ ಮೊದಲು ಒಂದು ಜೊಂಡಿನ ಕೊಳದಲ್ಲಿ ಕೆಲ ದಿನ ನಿಲ್ಲುವಂತಾದರೂ ಮಾಡಬೇಕು.

ಗೊಬ್ಬರದ ಬೆಲೆಯ ನೀತಿ ಈ ಬದಲಾವಣೆಗಳನ್ನೆಲ್ಲ ಇನ್ನಷ್ಟು ವಕ್ರಗೊಳಿಸಿತು. 1992ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಬೆಲೆಯ ಮೇಲಿನ ನಿಯಂತ್ರಣವನ್ನು ತೆಗೆದು, ಯೂರಿಯಾವನ್ನು ಮಾತ್ರ ಹಿಡಿತದಲ್ಲಿಟ್ಟುಕೊಂಡಿತು. ಸಾರಜನಕ, ರಂಜಕ, ಪೊಟ್ಯಾಷುಗಳ ಬಳಕೆಯ ಪ್ರಮಾಣ ಒಂದೇ ವರ್ಷದಲ್ಲಿ 5.9 : 2.4 : 1 ಇದ್ದದ್ದು 9.5 : 3.2 : 1ಕ್ಕೆ ಜಿಗಿಯಿತು. 2010ರಲ್ಲಿ ಪೋಷಕಾಂಶ ಆಧಾರಿತ ಸಹಾಯಧನ ಬಂದಾಗಲೂ ಯೂರಿಯಾವನ್ನು ಹೊರಗಿಡಲಾಯಿತು. 45 ಕಿಲೋ ಚೀಲಕ್ಕೆ ರೈತ ಕೊಡುವುದು 270 ರೂಪಾಯಿಗೂ ಕಡಿಮೆ. ಅದರ ನಿಜವಾದ ವೆಚ್ಚ ಇದರ ಹಲವು ಪಟ್ಟು. ಪೈರು ಕಪ್ಪು ಹಸುರಾಗಿ ಕಂಡರೆ ನೆರೆಯವರ ಮುಂದೆ ಮಾನ, ಚೀಲ ಅಗ್ಗ, ಇನ್ನೊಂದು ಹಿಡಿ ಎರಚಿದರೆ ಹೋಗುವುದೇನು ಎಂದು ರೈತ ಯೋಚಿಸಿದರೆ ಅದು ಅವನ ಅಜ್ಞಾನವಲ್ಲ, ಬೆಲೆಪಟ್ಟಿಯನ್ನು ಆತ ಸರಿಯಾಗಿಯೇ ಓದಿದ್ದಾನೆ. 2015ರಿಂದ ಎಲ್ಲ ಯೂರಿಯಾಕ್ಕೆ ಬೇವಿನ ಲೇಪ ಕಡ್ಡಾಯವಾದದ್ದು ಒಳ್ಳೆಯ ಹೆಜ್ಜೆ, ಆದರೆ ಲೇಪವೊಂದೇ ಬೆಲೆಯ ಪ್ರಲೋಭನೆಯನ್ನು ತಡೆಯಲಾರದು.

ಪರಿಣಾಮ ಮೊದಲು ಕಾಣುವುದು ಸಮುದ್ರದಲ್ಲಲ್ಲ, ಬಾವಿಯಲ್ಲಿ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ಮಾನಕ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಂತೆ ದೇಶದ ಮಾದರಿಗಳಲ್ಲಿ ಐದರಲ್ಲೊಂದು ಈ ಮಿತಿಯನ್ನು ಮೀರಿದೆ. ಕರ್ನಾಟಕದ ಮಾದರಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು. ಈ ವಿಷಯದಲ್ಲಿ ರಾಜಸ್ಥಾನದ ಪಕ್ಕದಲ್ಲೇ ನಾವು ನಿಂತಿದ್ದೇವೆ, ತಮಿಳುನಾಡು ನಮ್ಮ ಹಿಂದಿದೆ. ಜಲಾಶಯಗಳಲ್ಲಿ ಪಾಚಿ, ಕೆರೆಗಳಲ್ಲಿ ಅಂತರಗಂಗೆ ಇದೇ ಲೆಕ್ಕದ ಮುಂದಿನ ಪುಟಗಳು.

ಎಲ್ಲವನ್ನೂ ರೈತನ ತಲೆಗೆ ಕಟ್ಟುವುದೂ ಅನ್ಯಾಯ. ಬೆಂಗಳೂರು ಕಾವೇರಿಯ ನೀರನ್ನು ಮೇಲಕ್ಕೆತ್ತಿ ಕುಡಿದು ವೃಷಭಾವತಿಯ ಮೂಲಕ ಕೊಳಚೆಯಾಗಿ ಅರ್ಕಾವತಿಗೆ, ಅಲ್ಲಿಂದ ಮತ್ತೆ ಕಾವೇರಿಗೇ ಬಿಡುತ್ತದೆ. ಊರಿನ ಇನ್ನೊಂದು ಮಗ್ಗುಲಿನ ಕೊಳಚೆ ಬೆಳ್ಳಂದೂರಿನಲ್ಲಿ ನೊರೆಯೆದ್ದು ದಕ್ಷಿಣ ಪಿನಾಕಿನಿಗೆ ಸೇರುತ್ತದೆ. 2015ರಲ್ಲಿ ತಮಿಳುನಾಡು ಈ ಕೊಳಚೆಯ ವಿರುದ್ಧವೇ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಅಂದು ನಮ್ಮ ನಾಡಿನ ರಾಜಕಾರಣಿಗಳು ಅದನ್ನು ಮತ್ತೊಂದು ಕಾವೇರಿ ತಂಟೆ ಎಂಬಂತೆ ಕಂಡರು. ನಮಗೆ ತೋರುವಂತೆ ನದಿಯ ಕುರಿತು ಎರಡು ರಾಜ್ಯಗಳ ನಡುವೆ ಹುಟ್ಟಿದ ಪ್ರಶ್ನೆಗಳಲ್ಲಿ ಅತ್ಯಂತ ನ್ಯಾಯವಾದದ್ದು ಅದು. ನೀರಿನ ಪ್ರಮಾಣದ ಜಗಳದಲ್ಲಿ ಒಬ್ಬನ ಲಾಭ ಇನ್ನೊಬ್ಬನ ನಷ್ಟ. ಗುಣದ ವಿಷಯ ಹಾಗಲ್ಲ. ಮಂಡ್ಯದ ಬಾವಿ ಶುದ್ಧವಾದರೆ ಮೆಟ್ಟೂರೂ ಶುದ್ಧವಾಗುತ್ತದೆ, ಯಾರ ಪಾಲೂ ಕಡಿಮೆಯಾಗುವುದಿಲ್ಲ.

ಅರಬ್ಬೀ ಸಮುದ್ರದ ಮಾತೂ ಇಲ್ಲಿ ಬರಬೇಕು, ಮುಂಬಯಿಯ ಓದುಗರು ಕೇಳಿಯೇ ಕೇಳುತ್ತಾರೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದ ಕೊನೆಗೆ ಆಳದ ಆಮ್ಲಜನಕಹೀನ ನೀರು ದಡದತ್ತ ಏರಿಬರುವುದು ನಿಸರ್ಗದ ಕ್ರಮ. ಯೂರಿಯಾ ಹುಟ್ಟುವ ಮೊದಲೂ ಅದು ಇತ್ತು. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ನಖ್ವಿ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಉಸಿರುಗಟ್ಟು ತೀವ್ರವಾಗುತ್ತಿರುವುದನ್ನೂ, ಅದಕ್ಕೆ ನೆಲದಿಂದ ಬರುವ ಸಾರಜನಕವೂ ಕಾರಣವಿರಬಹುದೆಂಬುದನ್ನೂ ಎತ್ತಿ ತೋರಿಸಿದರು. ಯಾರ ಪಾಲು ಎಷ್ಟೆಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಆದರೆ ಮೊದಲೇ ಏದುಸಿರು ಬಿಡುತ್ತಿರುವ ಸಮುದ್ರದ ಎದೆಯ ಮೇಲೆ ಇನ್ನಷ್ಟು ಭಾರ ಹೇರುವುದು ಸರಿಯೇ ಎಂಬುದಕ್ಕೆ ಒಮ್ಮತವಾಗುವವರೆಗೆ ಕಾಯಬೇಕಿಲ್ಲ.

ಈಗ ಎಥೆನಾಲ್ ನಮ್ಮಲ್ಲಿಗೂ ಬಂದಿದೆ. ಪೆಟ್ರೋಲಿಗೆ ನೂರಕ್ಕೆ 20 ಪಾಲು ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಕಬ್ಬು, ಅಕ್ಕಿ, ಮೆಕ್ಕೆಜೋಳ ಅದರ ಕಚ್ಚಾಸಾಮಗ್ರಿ. ಮೂರೂ ಗೊಬ್ಬರವನ್ನು ಬಯಸುವ ಬೆಳೆಗಳು. ಜೋಳ, ಹತ್ತಿಗಳ ನಾಡಾಗಿದ್ದ ಹಾವೇರಿ, ದಾವಣಗೆರೆಗಳು ಮೆಕ್ಕೆಜೋಳದ ನಾಡಾಗಿ ವರ್ಷಗಳೇ ಆದವು. ವರದೆ, ತುಂಗಭದ್ರೆಯರ ಕಣಿವೆಯಲ್ಲಿ ಮಿಸಿಸಿಪ್ಪಿಯ ಪಾಠವನ್ನು ಮೊದಲಿನಿಂದ ಕಲಿಯುವ ಅವಶ್ಯಕತೆ ನಮಗೆ ಇದೆಯೇ?

ಮಾಡಬೇಕಾದುದು ಗೊತ್ತಿಲ್ಲದ ವಿಷಯವೇನಲ್ಲ. ಯೂರಿಯಾಕ್ಕೆ ಸುರಿಯುವ ಹಣವನ್ನು ಕ್ರಮೇಣ ಎಕರೆಯ ಲೆಕ್ಕದಲ್ಲಿ ರೈತನ ಕೈಗೇ ಕೊಟ್ಟರೆ, ಚೀಲ ಕೊಳ್ಳಬೇಕೋ ಹಸಿರೆಲೆ ಬಿತ್ತಬೇಕೋ ಎಂದು ಆತ ತೀರ್ಮಾನಿಸುತ್ತಾನೆ. ಇದನ್ನು ಒಮ್ಮೆಲೇ ಮಾಡಿದರೆ ಶ್ರೀಲಂಕಾ ಆಗುತ್ತದೆ. ಹತ್ತು ವರ್ಷಗಳಲ್ಲಿ ಮಾಡಿದರೆ ಡೆನ್ಮಾರ್ಕ್ ಆಗಬಹುದು. ರಾಗಿ, ಜೋಳ, ತೊಗರಿಗಳಿಗೆ ಭತ್ತಕ್ಕಿರುವಷ್ಟೇ ಖಚಿತವಾದ ಖರೀದಿ ಬೇಕು, ಏಕೆಂದರೆ ಉಪದೇಶದಿಂದ ಯಾರೂ ಬೆಳೆ ಬದಲಿಸಿದ್ದಿಲ್ಲ. ಕೆರೆಯ ಹೂಳನ್ನು ಗುತ್ತಿಗೆದಾರನ ಲಾರಿಗೆ ತುಂಬುವ ಬದಲು ಅಚ್ಚುಕಟ್ಟಿನ ಹೊಲಕ್ಕೆ ಮುಟ್ಟಿಸಬೇಕು. 2018ರಲ್ಲಿ ಹುಟ್ಟಿದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವು ತಿಂಗಳು ತಿಂಗಳು ಹರಿವಿನ ಅಂಕಿಯನ್ನು ಚರ್ಚಿಸುವ ಮೇಜಿನ ಮೇಲೆಯೇ ಬಿಳಿಗುಂಡ್ಲುವನ್ನು ದಾಟಿದ ಸಾರಜನಕ ಎಷ್ಟು ಟನ್, ರಂಜಕ ಎಷ್ಟು ಟನ್ ಎಂಬ ಅಂಕಿಯನ್ನೂ ಇಡಬೇಕು. ಅಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಇದ್ದೇ ಇದೆ.

ಹೊರನಾಡ ಸಂಘಗಳು ಈ ವಿಷಯದಲ್ಲಿ ಬರಿಯ ಪ್ರೇಕ್ಷಕರಾಗಿರಬೇಕಿಲ್ಲ. ಚೆನ್ನೈ, ಹೈದರಾಬಾದುಗಳ ಸಂಘಗಳು ಅಲ್ಲಿನ ರೈತ ಸಂಘಟನೆಗಳೊಡನೆ ಕುಳಿತು ನೀರಿನ ಗುಣದ ಬಗ್ಗೆ ಒಂದೇ ಮನವಿಗೆ ಸಹಿ ಹಾಕಬಹುದು, ಟಿ.ಎಂ.ಸಿ.ಯ ಬಗ್ಗೆ ಅದು ಎಂದಿಗೂ ಸಾಧ್ಯವಾಗಲಾರದು. ಪುಣೆಯ ಸಂಘಕ್ಕಂತೂ ಕೆಲಸ ಮನೆಬಾಗಿಲಲ್ಲೇ ಇದೆ. ಮುಳಾ-ಮುಠಾಗಳಿಗೆ ಬಿಟ್ಟ ಆ ನಗರದ ಕೊಳಚೆ ಉಜನಿ ಜಲಾಶಯವನ್ನು ಪಾಚಿಗಟ್ಟಿಸಿ, ಭೀಮೆಯಾಗಿ ಅಫಜಲಪುರದ ಬಳಿ ಕಲಬುರಗಿಯ ಹಳ್ಳಿಗಳ ಕೊಡಕ್ಕೆ ಬರುತ್ತದೆ. ಅಲ್ಲಿನ ಕನ್ನಡಿಗರ ಸ್ನಾನದ ಮನೆಯ ನೀರೂ ಅದರಲ್ಲಿ ಸೇರಿದೆ. ಮೊದಲ ಮನವಿಪತ್ರವನ್ನು ಆ ನಗರದ ಮಹಾಪಾಲಿಕೆಗೆ, ಮರಾಠಿಯಲ್ಲಿ ಬರೆಯುವುದು ಒಳ್ಳೆಯದು.